ಲಾಭಾಂತರಾಯವೂ ಪುರುಷಾರ್ಥವೂ

ವೈಶಾಖ ಶುಕ್ಲ ತದಿಗೆಯ ದಿನ ಕಬ್ಬಿನ ರಸವನ್ನು ನೆನೆಯದ ಶ್ರಾವಕರ ಮನೆ ಇರಲಾರದು. ಭಗವಾನ್ ಋಷಭದೇವರ ದೀರ್ಘೋಪವಾಸವು ಹಸ್ತಿನಾಪುರದಲ್ಲಿ ಶ್ರೇಯಾಂಸಕುಮಾರನ ಕೈಯಿಂದ ಪಾರಣೆಗೊಂಡ ದಿನವದು. ಆದರೆ ಆ ಉಪವಾಸವು ಆದಿಯಿಂದ ಅಂತ್ಯದವರೆಗೆ ಏಕರೂಪವಾಗಿರಲಿಲ್ಲವೆಂಬ ಸಂಗತಿಯು ಅನೇಕರ ಲಕ್ಷ್ಯಕ್ಕೆ ಬಂದಿರುವುದಿಲ್ಲ. ಜಿನಸೇನಾಚಾರ್ಯರ ಆದಿಪುರಾಣವನ್ನು ಓದಿದವರು ಬಲ್ಲರು: ದೀಕ್ಷೆಯನ್ನು ಕೈಕೊಂಡಾಗ ಸ್ವಾಮಿಯು ಆರು ತಿಂಗಳ ಅನಶನವನ್ನು ಸ್ವಸಂಕಲ್ಪದಿಂದ ಸ್ವೀಕರಿಸಿದನು. ಅವಧಿಯು ತೀರಿದ ಬಳಿಕ ಆಹಾರಚರ್ಯೆಗಾಗಿ ಊರೂರುಗಳಲ್ಲಿ ವಿಹರಿಸಿದಾಗ, ಮುನಿಗೆ ಆಹಾರವನ್ನೀಯುವ ವಿಧಿಯನ್ನು ಅರಿತವರು ಒಬ್ಬರೂ ಇರಲಿಲ್ಲ. ಜನರು ಭಕ್ತಿಯಿಂದ ರತ್ನಗಳನ್ನು ತಂದರು, ಆನೆ ಕುದುರೆಗಳನ್ನು ತಂದರು, ವಸ್ತ್ರಾಭರಣಗಳನ್ನು ತಂದರು. ಬೇಕಾದುದನ್ನು ಮಾತ್ರ ಯಾರೂ ತರಲಿಲ್ಲ. ಹೀಗೆ ಮತ್ತೆ ಆರು ತಿಂಗಳಿಗೂ ಮಿಕ್ಕಿದ ಕಾಲ ಸಂದುಹೋಯಿತು. ಮೊದಲಿನ ಅರ್ಧವು ಹಿಡಿದ ವ್ರತ. ಅನಂತರದ್ದು ಬಂದೊದಗಿದ ಅಂತರಾಯ.

ವ್ರತೋಪವಾಸಗಳ ವಿಷಯವನ್ನು ಆಲೋಚಿಸುವವರು ಈ ಎರಡನೆಯ ಅರ್ಧವನ್ನು ಕುರಿತು ಹೆಚ್ಚು ವಿಚಾರಿಸಬೇಕಾಗಿದೆ. ಏಕೆಂದರೆ ಸಂಸಾರಿಗಳ ಬಾಳಿನಲ್ಲಿ ಹಿಡಿದ ಉಪವಾಸಕ್ಕಿಂತ ಬಂದೊದಗಿದ ಉಪವಾಸವೇ ಹೆಚ್ಚು. ಕಸುಬನ್ನು ಕಲಿತು, ಅಂಗಡಿಯನ್ನು ತೆರೆದು, ಕೈಸುಟ್ಟುಕೊಂಡವನ ಮನೆಯಲ್ಲಿ ಮೂರು ಹೊತ್ತಿನ ಊಟ ಎರಡು ಹೊತ್ತಿಗೆ ಇಳಿದರೆ ಅದನ್ನು ಏಕಭುಕ್ತವೆಂದು ಯಾರೂ ಕರೆಯುವುದಿಲ್ಲ. ಅಂತಹವನಿಗೆ ಬಂಧುಗಳು ಹೇಳುವ ಸಾಂತ್ವನವು ಒಂದೇ: ಲಾಭಾಂತರಾಯ ಕರ್ಮದ ಉದಯ, ಅನುಭವಿಸಿಯೇ ತೀರಬೇಕು. ಮಾತು ಶಾಸ್ತ್ರಸಮ್ಮತವಾದುದೇ. ದಾನ, ಲಾಭ, ಭೋಗ, ಉಪಭೋಗ, ವೀರ್ಯ ಎಂಬ ಐದಕ್ಕೂ ಅಡ್ಡಬರುವ ಅಂತರಾಯವು ಎಂಟು ಕರ್ಮಗಳಲ್ಲೊಂದು. ಆದರೆ ಶಾಸ್ತ್ರಸಮ್ಮತವಾದ ಮಾತನ್ನು ಆಡಿದ ಮಾತ್ರಕ್ಕೆ ಆಡಿದವನ ಹೊಣೆ ತೀರಿತೇ? ಕೇಳಿದವನು ಕೈಕಟ್ಟಿ ಕುಳಿತುಕೊಳ್ಳಬೇಕೇ? ಬಲಾತ್ಕಾರದಿಂದ ಸಹಿಸಿದ ಕಷ್ಟಕ್ಕೆ ತಪಸ್ಸಿನ ಬೆಲೆಯುಂಟೇ? ಈ ಪ್ರಶ್ನೆಗಳನ್ನು ಬರಿಯ ತರ್ಕದಿಂದ ಬಿಡಿಸುವುದಕ್ಕಿಂತ ಒಬ್ಬ ಮನುಷ್ಯನ ಬಾಳನ್ನು ಎದುರಿಗಿಟ್ಟುಕೊಂಡು ವಿಚಾರಿಸುವುದು ಒಳಿತು.

ಆ ಮನುಷ್ಯನು ಜೈನನಲ್ಲ. ಬೆಳಗಾವಿ ಜಿಲ್ಲೆಯ ಸವದತ್ತಿಯ ಸೀಮೆಯ ಗುರ್ಲಹೊಸೂರಿನಲ್ಲಿ 1869ರ ಜೂನ್ 20ರಂದು ಜನಿಸಿದ ಲಕ್ಷ್ಮಣರಾವ್ ಕಾಶೀನಾಥ ಕಿರ್ಲೋಸ್ಕರರು. ಮುಂದೆ ದೇಶದ ದೊಡ್ಡ ಕೈಗಾರಿಕೋದ್ಯಮಗಳಲ್ಲೊಂದಕ್ಕೆ ಮೂಲಪುರುಷರೆನಿಸಿದ ಇವರ ಹೆಸರನ್ನು ಇಂದು ನೀರೆತ್ತುವ ಪಂಪುಗಳ ಮೇಲೆ ಕಾಣದ ಊರಿಲ್ಲ. ಆದರೆ ಇಲ್ಲಿ ವಿಚಾರಣೀಯವಾದುದು ಆ ವೈಭವವಲ್ಲ, ಅದಕ್ಕೆ ಹಿಂದಿನ ಸೋಲುಗಳು.

ಬಾಲ್ಯದಲ್ಲಿ ಲಕ್ಷ್ಮಣರಾಯರಿಗೆ ಒಲವಿದ್ದುದು ಎರಡರಲ್ಲಿ: ಚಿತ್ರ ಬರೆಯುವುದು, ಯಂತ್ರಗಳನ್ನು ಬಿಚ್ಚಿ ನೋಡುವುದು. 1885ರಲ್ಲಿ ಮುಂಬಯಿಯ ಜೆ. ಜೆ. ಕಲಾಶಾಲೆಯನ್ನು ಸೇರಿದರು. ಕೆಲಕಾಲದಲ್ಲಿಯೇ ತಿಳಿದುಬಂದ ಸಂಗತಿಯೆಂದರೆ ಅವರ ಕಣ್ಣಿಗೆ ಕೆಲವು ಬಣ್ಣಗಳ ಭೇದವು ಗೋಚರವಾಗುತ್ತಿರಲಿಲ್ಲ. ಚಿತ್ರಕಾರನಾಗಬೇಕೆಂದು ಮನೆಬಿಟ್ಟು ಬಂದ ತರುಣನಿಗೆ ಇದಕ್ಕಿಂತ ಕ್ರೂರವಾದ ತಡೆ ಇನ್ನಾವುದು? ಬಣ್ಣವನ್ನು ಬಿಟ್ಟು ಗೆರೆಯನ್ನು ಹಿಡಿದರು. ಯಂತ್ರಗಳ ರೇಖಾಚಿತ್ರವನ್ನು ಕಲಿತು ವಿಕ್ಟೋರಿಯಾ ಜ್ಯುಬಿಲಿ ತಾಂತ್ರಿಕ ವಿದ್ಯಾಲಯದಲ್ಲಿ ಅಧ್ಯಾಪಕರಾದರು. ಅಲ್ಲಿ ತಮಗೆ ಸಲ್ಲಬೇಕಾಗಿದ್ದ ಬಡ್ತಿಯು ಆಂಗ್ಲೋ ಇಂಡಿಯನ್ ಒಬ್ಬನಿಗೆ ಸಂದಾಗ ಕೆಲಸಕ್ಕೆ ರಾಜೀನಾಮೆಯನ್ನಿತ್ತು ಬೆಳಗಾವಿಗೆ ಮರಳಿದರು.

ಬೆಳಗಾವಿಯಲ್ಲಿ ಅಣ್ಣ ರಾಮಚಂದ್ರರಾಯರೊಡನೆ ಸೈಕಲ್ಲುಗಳ ಮಾರಾಟ ಮತ್ತು ದುರಸ್ತಿಯ ಅಂಗಡಿ ನಡೆಯಿತು. ಕಿರ್ಲೋಸ್ಕರ್ ಬ್ರದರ್ಸ್ ಸಂಸ್ಥೆಯು ತನ್ನ ಆರಂಭವನ್ನು 1888ರಿಂದ ಎಣಿಸುತ್ತದೆ. ಸೈಕಲ್ಲೆಂಬುದು ಆಗ ಅಪರೂಪದ ವಸ್ತು. ಮಾರುವವನೇ ಕೊಂಡವನಿಗೆ ಸವಾರಿಯನ್ನೂ ಕಲಿಸಬೇಕಾಗಿತ್ತು. ಅನಂತರ ಒಂದು ಚಿಕ್ಕ ಕಾರ್ಖಾನೆಯನ್ನಿಟ್ಟು ದನಗಳ ಮೇವನ್ನು ಕತ್ತರಿಸುವ ಯಂತ್ರವನ್ನು ಮಾಡತೊಡಗಿದರು. ಜೋಳದ ಕಣಿಕಿಯನ್ನು ಇಡಿಯಾಗಿ ಹಾಕಿದರೆ ದನವು ಎಲೆಯನ್ನು ತಿಂದು ದಂಟನ್ನು ತುಳಿದು ಹಾಳುಮಾಡುತ್ತದೆ. ಕತ್ತರಿಸಿ ಹಾಕಿದರೆ ಅದೇ ಮೇವು ಹೆಚ್ಚು ದಿನ ಬರುತ್ತದೆ. ಪಶುವಿಗೆ ಅನ್ನಪಾನಗಳನ್ನು ತಡೆಯುವುದು ಅಹಿಂಸಾಣುವ್ರತದ ಅತಿಚಾರವೆಂದು ಕಲಿತವರಿಗೆ ಈ ಯಂತ್ರದ ಬೆಲೆಯನ್ನು ವಿವರಿಸಿ ಹೇಳಬೇಕಾದುದಿಲ್ಲ. ಮೇವಿನ ಯಂತ್ರದ ಬಳಿಕ ಕೈಹಾಕಿದ್ದು ಕಬ್ಬಿಣದ ನೇಗಿಲಿಗೆ.

ನೇಗಿಲು ಸಿದ್ಧವಾಯಿತು, ಕೊಳ್ಳುವವರಿಲ್ಲ. ಕಬ್ಬಿಣವು ಭೂಮಿಯನ್ನು ವಿಷಮಾಡುತ್ತದೆಂದು ರೈತರ ನಂಬಿಕೆ. ಮೊದಲ ಗಿರಾಕಿಯು ದೊರೆಯುವ ಹೊತ್ತಿಗೆ ಎರಡು ವರ್ಷ ಕಳೆದಿತ್ತು. ಇಲ್ಲಿ ಒಂದು ವಿನೋದವೂ ಇದೆ. ಆ ಸೀಮೆಯ ಮರದ ರಂಟೆಯ ತುದಿಯಲ್ಲಿ ನೆಲವನ್ನು ಸೀಳುತ್ತಿದ್ದ ಕುಳವು ಕಬ್ಬಿಣದ್ದೇ! ಅಜ್ಜ ಮುತ್ತಜ್ಜಂದಿರ ಕಾಲದಿಂದ ಅದೇ ಕಬ್ಬಿಣವು ಅದೇ ಮಣ್ಣಿನಲ್ಲಿ ಓಡಾಡಿದ್ದರೂ ಯಾವ ಹೊಲವೂ ವಿಷವಾಗಿರಲಿಲ್ಲ. ಆದರೂ ರೈತರನ್ನು ನೋಡಿ ನಗುವುದು ಸಲ್ಲದು. ಹೊಸದನ್ನು ನಂಬಿ ಒಂದು ಮಳೆಗಾಲದ ಬೆಳೆಯನ್ನು ಕಳೆದುಕೊಂಡರೆ ಅವರ ಮನೆಯಲ್ಲಿಯೂ ಬಂದೊದಗುವುದು ಉಪವಾಸವೇ. ಸಾಲದ ಹೊರೆಯನ್ನು ಹೊತ್ತವನು ಪ್ರಯೋಗಕ್ಕೆ ಅಂಜುವುದು ಮೂಢತೆಯೊಂದರಿಂದಲೇ ಅಲ್ಲ.

ಆ ಎರಡು ವರ್ಷಗಳು ತಪಸ್ಸೇ? ತತ್ವಾರ್ಥಸೂತ್ರವು ದೇವಾಯುವಿನ ಕಾರಣಗಳನ್ನು ಹೇಳುವಲ್ಲಿ ಅಕಾಮನಿರ್ಜರೆಯನ್ನು ಎಣಿಸಿದೆ. ಪೂಜ್ಯಪಾದರು ಅದನ್ನು ವಿವರಿಸುತ್ತ ಸೆರೆಯಲ್ಲಿರುವವನ ನಿದರ್ಶನವನ್ನು ಕೊಟ್ಟಿದ್ದಾರೆ. ಸೆರೆಯವನು ಹಸಿವನ್ನು ತಡೆಯುತ್ತಾನೆ, ನೀರಡಿಕೆಯನ್ನು ತಡೆಯುತ್ತಾನೆ, ನೆಲದ ಮೇಲೆ ಮಲಗುತ್ತಾನೆ. ಹೊರನೋಟಕ್ಕೆ ಎಲ್ಲವೂ ಮುನಿಯಂತೆಯೇ. ಆದರೆ ಬಾಗಿಲು ತೆರೆದರೆ ಒಂದು ಗಳಿಗೆಯೂ ಅಲ್ಲಿ ನಿಲ್ಲಲಾರನು. ಅಂತಹ ಸಹನೆಯು ಸರ್ವಥಾ ನಿಷ್ಫಲವೆಂದು ಆಚಾರ್ಯರು ಹೇಳಲಿಲ್ಲ. ಸಂಯಮದೊಡನೆ ಅದನ್ನು ಸಮಗೈಯಲೂ ಇಲ್ಲ. ಈ ಅಳತೆಗೋಲನ್ನು ಹಿಡಿದು ನೋಡಿದರೆ, ಮಾರಾಟವಾಗದ ನೇಗಿಲಿನಿಂದ ಮನೆಯಲ್ಲಿ ಉಂಟಾದ ಕೊರತೆಯು ಅಷ್ಟರಿಂದಲೇ ತಪಸ್ಸಾಗದು. ಅದು ಸೆರೆಯವನ ಹಸಿವು.

ಆದರೆ ಕಸುಬುದಾರನ ಸೆರೆಗೆ ಒಂದು ವಿಶೇಷವುಂಟು: ಅದರ ಬಾಗಿಲು ತೆರೆದೇ ಇರುತ್ತದೆ. ಲಕ್ಷ್ಮಣರಾಯರಿಗೆ ಯಂತ್ರರೇಖೆಯ ವಿದ್ಯೆಯಿತ್ತು, ಅಧ್ಯಾಪನದ ಅನುಭವವಿತ್ತು. ಸಂಬಳದ ನೌಕರಿಯನ್ನು ಮತ್ತೆ ಅರಸಬಹುದಾಗಿತ್ತು. ನೇಗಿಲನ್ನು ಕೈಬಿಟ್ಟು ಸೈಕಲ್ಲಿನ ವ್ಯಾಪಾರವೊಂದನ್ನೇ ಬೆಳೆಸಬಹುದಾಗಿತ್ತು. ಇದಾವುದನ್ನೂ ಮಾಡದೆ ನೇಗಿಲಿನಲ್ಲಿಯೇ ನಿಂತರು. ಕೊರತೆಯು ಬಲಾತ್ಕಾರದಿಂದ ಬಂದುದು. ಬಾಗಿಲು ತೆರೆದಿದ್ದಾಗ ನಿಂತುದು ಸ್ವಸಂಕಲ್ಪದಿಂದ. ಒಂದೇ ಎರಡು ವರ್ಷಗಳೊಳಗೆ ಅಕಾಮವೂ ಸಕಾಮವೂ ಒಂದರ ಪಕ್ಕದಲ್ಲೊಂದು ಇದ್ದವು. ಪುರುಷಾರ್ಥವೆಂಬ ಮಾತಿಗೆ ಇಲ್ಲಿ ಅರ್ಥ ಸಿಗುತ್ತದೆ. ಕರ್ಮೋದಯವನ್ನು ತಳ್ಳಿಹಾಕುವುದು ಪುರುಷಾರ್ಥವಲ್ಲ, ಅದು ಯಾರಿಂದಲೂ ಆಗದು. ಉದಯಕ್ಕೆ ಬಂದ ಕಾಲದಲ್ಲಿ ತೆರೆದ ಬಾಗಿಲುಗಳ ಪೈಕಿ ಯಾವುದರಿಂದ ಹೋಗಬಾರದೆಂದು ನಿಶ್ಚಯಿಸುವುದು ಮಾತ್ರ ಮನುಷ್ಯನ ಕೈಯಲ್ಲಿದೆ. ಕಳಪೆಯನ್ನು ಒಳ್ಳೆಯದೆಂದು ಮಾರುವುದು, ತೂಕದಲ್ಲಿ ಕಡಿಮೆ ಮಾಡುವುದು, ಇವು ಅಚೌರ್ಯದ ಅತಿಚಾರಗಳು; ಸೋತ ವ್ಯಾಪಾರಿಗೆ ಮೊದಲು ತೆರೆದು ಕಾಣುವ ಬಾಗಿಲುಗಳೂ ಇವೇ.

ಮತ್ತೊಂದು ಕಡೆಯೂ ಉಂಟು. ನಿಂತವರೆಲ್ಲರೂ ಧೀರರಲ್ಲ. ಋಷಭದೇವರೊಡನೆ ನಾಲ್ಕು ಸಾವಿರ ಅರಸರು ದೀಕ್ಷೆಯನ್ನು ಕೈಕೊಂಡರಷ್ಟೆ. ಸ್ವಾಮಿಯ ಮೇಲಿನ ಭಕ್ತಿಯೊಂದನ್ನುಳಿದರೆ ತಾವು ಮಾಡುತ್ತಿರುವುದೇನೆಂಬ ಅರಿವು ಅವರಿಗಿರಲಿಲ್ಲ. ಹಸಿವು ಬಾಧಿಸಿದೊಡನೆ ಕಂದಮೂಲಗಳನ್ನು ತಿಂದು, ನಾರುಬಟ್ಟೆಯನ್ನುಟ್ಟು ಮಾರ್ಗಭ್ರಷ್ಟರಾದರು. ನೆರೆಯವನು ಅಂಗಡಿಯಿಟ್ಟು ಗಳಿಸಿದನೆಂದು ತಾನೂ ಅಂಗಡಿಯಿಟ್ಟವನಿಗೂ ಅವರಿಗೂ ಹೆಚ್ಚಿನ ಅಂತರವಿಲ್ಲ. ಕಸುಬಿನ ಜ್ಞಾನವಿಲ್ಲದೆ, ಸಾಲದ ಬಲದಿಂದ, ಹಟವೊಂದನ್ನೇ ಹಿಡಿದು ನಿಂತವನನ್ನು ಹೊಗಳುವುದು ಅಪಾಯಕರ. ಅವನ ಹಟದ ಬೆಲೆಯನ್ನು ಹೆಂಡತಿಯ ಒಡವೆಗಳೂ ಮಕ್ಕಳ ವಿದ್ಯೆಯೂ ತೆರಬೇಕಾಗುತ್ತದೆ. ತನ್ನ ಶಕ್ತಿಯನ್ನು ನೋಡಿಕೊಂಡು ವ್ರತವನ್ನು ಹಿಡಿಯಬೇಕೆಂದು ಉಪವಾಸದ ವಿಷಯದಲ್ಲಿ ಹಿರಿಯರು ಹೇಳುವ ಮಾತು ವ್ಯಾಪಾರಕ್ಕೂ ಸಲ್ಲುತ್ತದೆ.

ನೇಗಿಲುಗಳು ಒಂದೊಂದಾಗಿ ಮಾರಾಟವಾಗತೊಡಗಿದ ಮೇಲೆ ಇನ್ನೊಂದು ತಡೆ ಬಂದಿತು. ಊರಿನ ಹೊಸ ಬಡಾವಣೆಗಾಗಿ ಕಾರ್ಖಾನೆಯ ಜಾಗವನ್ನು ತೆರವುಮಾಡಬೇಕೆಂದು ಬೆಳಗಾವಿಯ ಪುರಸಭೆಯು ಆಜ್ಞಾಪಿಸಿತು. ವರ್ಷಗಟ್ಟಲೆ ಕಟ್ಟಿದ್ದನ್ನು ಕಿತ್ತುಕೊಂಡು ಎಲ್ಲಿಗೆ ಹೋಗುವುದು? ಆ ಸಮಯದಲ್ಲಿ ಔಂಧ ಸಂಸ್ಥಾನದ ಅರಸರಾದ ಬಾಳಾಸಾಹೇಬ ಪಂತ ಪ್ರತಿನಿಧಿಯವರ ಆಶ್ರಯವು ದೊರೆಯಿತು. ಸ್ವತಃ ಚಿತ್ರಕಾರರಾಗಿದ್ದ ಆ ಅರಸರು ಸಾಲವನ್ನಿತ್ತುದಲ್ಲದೆ ಕುಂಡಲ್ ರೋಡ್ ಎಂಬ ರೈಲು ನಿಲ್ದಾಣದ ಬಳಿ ಮೂವತ್ತೆರಡು ಎಕರೆ ಬರಡು ನೆಲವನ್ನು ಕೊಟ್ಟರು. 1910ರಲ್ಲಿ ಅಲ್ಲಿ ಕಾರ್ಖಾನೆಯೂ ಅದರ ಸುತ್ತ ಕೆಲಸಗಾರರ ಊರೂ ತಲೆಯೆತ್ತಿದವು. ಇಂದಿನ ಸಾಂಗಲಿ ಜಿಲ್ಲೆಯ ಕಿರ್ಲೋಸ್ಕರವಾಡಿ ಎಂದರೆ ಅದೇ. ಕತ್ತಾಳೆ ಕಳ್ಳಿಗಳೂ ಹಾವುಗಳೂ ತುಂಬಿದ್ದ ಕಾಡುನೆಲವದು. ಲಕ್ಷ್ಮಣರಾಯರ ಮಗ ಶಂತನುರಾಯರು ತಮ್ಮ ಆತ್ಮಕಥೆಗೆ ಕಳ್ಳಿಯ ಮತ್ತು ಗುಲಾಬಿಯ ಹೆಸರನ್ನಿಟ್ಟಿದ್ದಾರೆ.

ಇಲ್ಲಿ ಹಸ್ತಿನಾಪುರದ ಕಥೆಗೆ ಮರಳಬೇಕು. ಸ್ವಾಮಿಗೆ ದೊರೆಯದೆ ಹೋದುದು ಸಂಪತ್ತಲ್ಲ. ಸಂಪತ್ತನ್ನು ಜನರು ರಾಶಿರಾಶಿಯಾಗಿ ತಂದೊಡ್ಡಿದ್ದರು. ಕೊರತೆಯಿದ್ದುದು ಕೊಡುವವರ ಭಕ್ತಿಯಲ್ಲಿಯೂ ಅಲ್ಲ, ಅರಿವಿನಲ್ಲಿ. ಶ್ರೇಯಾಂಸನಿಗೆ ಪೂರ್ವಜನ್ಮದ ಸ್ಮರಣೆಯಾಯಿತು. ಆಹಾರದಾನದ ವಿಧಿಯು ನೆನಪಾಯಿತು. ಹಿಡಿದ ಬೊಗಸೆಗೆ ಕಬ್ಬಿನ ರಸವನ್ನೆರೆದನು. ಆನೆಯ ಬೆಲೆಯನ್ನು ನೋಡಿದರೆ ಆ ರಸಕ್ಕೆ ಏನು ಬೆಲೆ? ಔಂಧದ ಅರಸರ ಸಂಸ್ಥಾನವು ಚಿಕ್ಕದು. ಕೊಟ್ಟ ನೆಲವೋ ಬರಡು. ಆದರೆ ಕಬ್ಬಿಣವನ್ನು ತರಿಸಿ ನೇಗಿಲನ್ನು ಕಳುಹಿಸಬೇಕಾದವನಿಗೆ ರೈಲು ನಿಲ್ದಾಣದ ಬಳಿಯ ನೆಲಕ್ಕಿಂತ ಸಲ್ಲುವ ದಾನವು ಬೇರೊಂದಿಲ್ಲ. ಒಬ್ಬನ ಲಾಭಕ್ಕೆ ಅವನ ಕರ್ಮದ ಕ್ಷಯೋಪಶಮವೇ ಉಪಾದಾನವೆಂಬುದು ನಿಜ; ಅಷ್ಟರಿಂದ ನಿಮಿತ್ತನಾಗಬಲ್ಲವನ ಹೊಣೆಯು ಹಾರಿಹೋಗುವುದಿಲ್ಲ.

ಶ್ರಾವಕ ಸಮಾಜವು ಈ ಮಾತನ್ನು ತನ್ನ ಕಡೆಗೆ ತಿರುಗಿಸಿಕೊಂಡು ನೋಡುವುದು ಕ್ಷೇಮ. ಬಡಗಿತನವನ್ನೋ ಯಂತ್ರದ ಕೆಲಸವನ್ನೋ ಚೆನ್ನಾಗಿ ಬಲ್ಲ ಹುಡುಗನೊಬ್ಬನು ಅಂಗಡಿಯಿಟ್ಟು ಸೋತಾಗ ಅವನಿಗೆ ದೊರೆಯುವುದೇನು? ಕರ್ಮಸಿದ್ಧಾಂತದ ಉಪದೇಶ ದೊರೆಯುತ್ತದೆ. ಗ್ರಹಗತಿಯ ವಿಚಾರ ದೊರೆಯುತ್ತದೆ. ಪಂಚಕಲ್ಯಾಣದ ಪಂದಿಯಲ್ಲಿ ಊಟವೂ ದೊರೆಯುತ್ತದೆ. ಇವೆಲ್ಲ ಆನೆ ಕುದುರೆಗಳು. ಅವನಿಗೆ ಬೇಕಾದುದು ಸುಲಭ ಬಡ್ಡಿಯ ಒಂದು ಸಣ್ಣ ಸಾಲ, ಪೇಟೆಯಲ್ಲಿ ಹತ್ತಡಿ ಜಾಗ, ಇಲ್ಲವೆ ಬಾಕಿಯನ್ನು ಹೊತ್ತಿಗೆ ಸಲ್ಲಿಸುವ ಒಬ್ಬ ಗಿರಾಕಿ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಸ್ಥಿತಿಕರಣವೆಂಬುದೊಂದಿದೆ. ದಾರಿಯಿಂದ ಜಾರುತ್ತಿರುವವನನ್ನು ಹಿಡಿದು ನಿಲ್ಲಿಸುವುದು. ಅದನ್ನು ವ್ರತದಿಂದ ಜಾರುವವರಿಗೆ ಮಾತ್ರ ಅನ್ವಯಿಸುವ ರೂಢಿಯಿದೆ. ಹಸಿದವನು ಮೊದಲು ಜಾರುವುದು ಸತ್ಯಾಣುವ್ರತದಿಂದಲೇ ಎಂಬುದನ್ನು ಬಲ್ಲವರಿಗೆ ಈ ವಿಭಾಗವು ಅಷ್ಟು ಸುಲಭವಾಗಿ ಒಪ್ಪಿಗೆಯಾಗದು. ಕಿರ್ಲೋಸ್ಕರವಾಡಿಯಲ್ಲಿ ಅಸ್ಪೃಶ್ಯತೆಯ ಆಚರಣೆಯನ್ನು ನಿಷೇಧಿಸಿದ್ದರು. ಸೆರೆಯಿಂದ ಬಿಡುಗಡೆಯಾದವರನ್ನು ರಾತ್ರಿಯ ಕಾವಲಿಗೆ ನೇಮಿಸುತ್ತಿದ್ದರು. ಸೋಲನ್ನು ಉಂಡವನಿಗೆ ಸೋತವರ ಮೇಲೆ ನಂಬಿಕೆಯಿತ್ತು.

ನೇಗಿಲನ್ನು ಕುರಿತು ಶ್ರಾವಕನ ಮನಸ್ಸಿನಲ್ಲಿ ಏಳುವ ಸಂದೇಹವೊಂದನ್ನು ಬಿಟ್ಟುಹೋಗುವಂತಿಲ್ಲ. ಭೂಮಿಯನ್ನು ಆಳವಾಗಿ ಮಗುಚುವ ಉಪಕರಣವನ್ನು ಸಾವಿರಾರು ಸಂಖ್ಯೆಯಲ್ಲಿ ಮಾಡುವುದು ಎಷ್ಟು ಜೀವಿಗಳಿಗೆ ಬಾಧಕ! ಸಮಂತಭದ್ರಾಚಾರ್ಯರು ಅಗೆಯುವ ಸಾಧನಗಳ ದಾನವನ್ನು ಹಿಂಸಾದಾನದಲ್ಲಿ ಸೇರಿಸಿದ್ದಾರೆ. ಆದರೆ ಅವರು ಅದನ್ನು ಹೇಳಿರುವುದು ಅನರ್ಥದಂಡದ ಪ್ರಕರಣದಲ್ಲಿ. ಎಂದರೆ ನಿಷ್ಪ್ರಯೋಜನವಾದ ಹಿಂಸೆಯ ಪ್ರಕರಣದಲ್ಲಿ. ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪಗಳೆಂಬ ಷಟ್ಕರ್ಮಗಳನ್ನು ಪ್ರಜೆಗಳಿಗೆ ಕಲಿಸಿದವರು ಸ್ವತಃ ಆದಿದೇವರೇ. ಗೃಹಸ್ಥನು ಸಂಕಲ್ಪಹಿಂಸೆಯನ್ನು ಬಿಡುತ್ತಾನೆ. ಆರಂಭ ಮತ್ತು ಉದ್ಯೋಗದ ಹಿಂಸೆಯನ್ನು ಎಚ್ಚರದಿಂದ ಕಡಿಮೆ ಮಾಡುತ್ತ ನಡೆಯುತ್ತಾನೆ. ಬೆಳಗಾವಿ, ಸಾಂಗಲಿ, ಕೊಲ್ಲಾಪುರದ ಸೀಮೆಗಳಲ್ಲಿ ದಿಗಂಬರ ಜೈನರು ಬಹುಮಟ್ಟಿಗೆ ಬೇಸಾಯಗಾರರು. ಅವರ ಅನ್ನವು ಉಳುಮೆಯಿಂದಲೇ ಬರುವುದು. ಉಣ್ಣುವವನಿಗೆ ಇಲ್ಲದ ದೋಷವನ್ನು ನೇಗಿಲು ಮಾಡಿದವನ ತಲೆಗೆ ಕಟ್ಟುವುದು ನ್ಯಾಯವಲ್ಲ. ಹಾಗೆಂದು ದೋಷವೇ ಇಲ್ಲವೆಂದೂ ಅಲ್ಲ. ಎಂಟನೆಯ ಪ್ರತಿಮೆಯಾದ ಆರಂಭತ್ಯಾಗದಲ್ಲಿ ಶ್ರಾವಕನು ಸೇವೆ, ಕೃಷಿ, ವಾಣಿಜ್ಯಗಳನ್ನು ಬಿಡಬೇಕೆಂದು ವಿಧಿಸಿರುವುದು ಈ ಕಾರಣದಿಂದಲೇ. ಶ್ರಾವಕನ ಉದ್ಯಮಕ್ಕೆ ಆರಂಭವಿರುವಂತೆ ನಿಲ್ಲಿಸುವ ಒಂದು ಮೆಟ್ಟಿಲೂ ಇದೆ.

ಗೆಲುವಿನ ಕಾಲದ ಪರೀಕ್ಷೆಯು ಸೋಲಿನ ಕಾಲದ್ದಕ್ಕಿಂತ ಸೂಕ್ಷ್ಮವಾದುದು. 1914ರಲ್ಲಿ ಮೊದಲನೆಯ ಮಹಾಯುದ್ಧವು ಆರಂಭವಾದಾಗ ವಿದೇಶದ ಸಾಮಾನುಗಳ ಆಮದು ಕುಗ್ಗಿ ದೇಶದ ತಯಾರಿಕೆಗೆ ಬೇಡಿಕೆ ಹೆಚ್ಚಿತು. ದೂರದ ದೇಶದಲ್ಲಿ ಜನರು ಸಾಯುತ್ತಿರುವಾಗ ಇಲ್ಲಿನ ಪೆಟ್ಟಿಗೆ ತುಂಬಿದರೆ ಅದನ್ನು ಲಾಭಾಂತರಾಯದ ಕ್ಷಯೋಪಶಮವೆಂದು ಹೇಳಿ ಸುಮ್ಮನಾಗಬಹುದೇ? ಯಾರ ದೋಷವೂ ಅಲ್ಲದ ಲಾಭಕ್ಕೂ ಒಂದು ಕಳವಳ ಅಂಟಿಕೊಂಡಿರುತ್ತದೆ. ಪರಿಗ್ರಹಪರಿಮಾಣಕ್ಕೆ ಸಮಂತಭದ್ರರು ಇಚ್ಛಾಪರಿಮಾಣವೆಂಬ ಇನ್ನೊಂದು ಹೆಸರನ್ನು ಹೇಳಿದ್ದಾರೆ. ಅಳೆಯಬೇಕಾದುದು ಕಣಜವನ್ನಲ್ಲ, ಬೇಕೆನ್ನುವ ಮನಸ್ಸನ್ನು. ಏನೂ ಇಲ್ಲದ ದಿನ ಹತ್ತು ಸಾವಿರಕ್ಕೆ ಮಿತಿಯನ್ನಿಟ್ಟವನು, ಹತ್ತು ಸಾವಿರ ಕೂಡಿದ ಮರುದಿನ ಮಗನ ಹೆಸರಿನಲ್ಲಿ ಖಾತೆಯನ್ನು ತೆರೆದರೆ ಅವನ ವ್ರತವು ಬಡತನಕ್ಕೆ ಹೊದಿಸಿದ ಬಟ್ಟೆಯಾಗಿತ್ತೆಂದು ತಿಳಿಯಬೇಕು.

ಬೆಳಗಾವಿ ಜಿಲ್ಲೆಯ ಮಣ್ಣಿನಲ್ಲಿಯೇ, ಲಕ್ಷ್ಮಣರಾಯರು ಹುಟ್ಟಿದ ಮೂರು ವರ್ಷಗಳ ಅನಂತರ, 1872ರಲ್ಲಿ ಜನಿಸಿದ ಇನ್ನೊಬ್ಬರುಂಟು. ಭೋಜ ಗ್ರಾಮದ ಬೇಸಾಯಗಾರರ ಮನೆತನದ ಸಾತಗೌಡರು. ಅವರು ಹೊಲ ಮನೆಗಳನ್ನು ಬಿಟ್ಟು 1920ರಲ್ಲಿ ಮುನಿದೀಕ್ಷೆಯನ್ನು ಪಡೆದು ಆಚಾರ್ಯ ಶಾಂತಿಸಾಗರರಾದರು; ಉಪವಾಸಗಳ ಮೇಲೆ ಉಪವಾಸಗಳನ್ನು ಕೈಕೊಂಡು 1955ರ ಸೆಪ್ಟೆಂಬರ್ 18ರಂದು ಕುಂಥಲಗಿರಿಯಲ್ಲಿ ಸಲ್ಲೇಖನಾಪೂರ್ವಕವಾಗಿ ದೇಹವನ್ನು ಬಿಟ್ಟರು. ಲಕ್ಷ್ಮಣರಾಯರು ತೀರಿಕೊಂಡುದು ಮರುವರ್ಷದ ಸೆಪ್ಟೆಂಬರಿನಲ್ಲಿ. ಇಬ್ಬರನ್ನೂ ತಕ್ಕಡಿಯಲ್ಲಿಟ್ಟು ತೂಗುವುದು ಅವಿವೇಕ. ಒಬ್ಬರು ಬಂದೊದಗಿದ ಕೊರತೆಯಲ್ಲಿ ನಿಂತರು. ಇನ್ನೊಬ್ಬರು ಕೊರತೆಯಿಲ್ಲದ ಮನೆಯಿಂದ ಎದ್ದು ನಡೆದರು. ವ್ರತವೆಂಬ ಹೆಸರು ಪೂರ್ಣವಾಗಿ ಸಲ್ಲುವುದು ಎರಡನೆಯದಕ್ಕೆ.

ಕನ್ನಡ ನಾಡಿಗೂ ಆ ಉದ್ಯಮದ ಕೊಂಬೆಯೊಂದು ಚಾಚಿತ್ತು. 1941ರಲ್ಲಿ ತುಂಗಭದ್ರೆಯ ದಡದ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯು ಸ್ಥಾಪಿತವಾಗಿ, ಅಲ್ಲಿ ತಯಾರಾದ ಲೇತುಗಳು ದೇಶದ ಅನೇಕ ಕಾರ್ಯಶಾಲೆಗಳಿಗೆ ಹೋದವು. ಕೆಲವು ದಶಕಗಳ ಮೇಲೆ ಆ ಕಾರ್ಖಾನೆಯೂ ಮುಚ್ಚಿತು. ಕೂದಲೆಳೆಯಷ್ಟು ತಪ್ಪಿಲ್ಲದೆ ಉಕ್ಕನ್ನು ಕಡೆಯಬಲ್ಲ ಕೈಗಳು ಒಮ್ಮೆಲೆ ಬರಿದಾದವು. ಅವರಲ್ಲಿ ಯಾರೂ ಆ ಉಪವಾಸಕ್ಕೆ ಪ್ರತ್ಯಾಖ್ಯಾನವನ್ನು ತೆಗೆದುಕೊಂಡಿರಲಿಲ್ಲ. ಹಾಗೆ ಕೆಲಸ ಕಳೆದುಕೊಂಡ ಕಸುಬುದಾರನು ಒಂದು ಹಳೆಯ ಲೇತನ್ನು ಕೊಂಡು ಸ್ವಂತ ಮಳಿಗೆಯನ್ನು ತೆರೆಯಬೇಕೆಂದು ಊರಿನ ಶ್ರಾವಕರ ಬಾಗಿಲಿಗೆ ಬಂದು ನಿಂತರೆ, ಒಳಗಿನಿಂದ ಎದ್ದು ಬರುವವರು ಏನನ್ನು ಹಿಡಿದುಕೊಂಡು ಬರುತ್ತಾರೆ?